ಬರಗಾಲದಲ್ಲಿ ಕೊಕ್ಕು ದಪ್ಪವಾಯಿತೋ, ಸಣ್ಣ ಕೊಕ್ಕಿನವು ಸತ್ತವೋ?

ಪಿಯು_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯು ಮಕ್ಕಳಿಗೆ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೊಟ್ಟಿದ್ದೆ: "ಗಲಪಾಗೋಸ್‌ನ ಒಂದು ದ್ವೀಪದಲ್ಲಿ ಬರ ಬಂದ ಮೇಲೆ ಫಿಂಚ್ ಹಕ್ಕಿಗಳ ಕೊಕ್ಕಿನ ಸರಾಸರಿ ದಪ್ಪ ಹೆಚ್ಚಿತು. ಏಕೆ?" ಮುಕ್ಕಾಲು ಪಾಲು ಮಕ್ಕಳು ಬರೆದದ್ದು ಒಂದೇ: "ಗಟ್ಟಿ ಬೀಜಗಳನ್ನು ಒಡೆಯಬೇಕಾದ್ದರಿಂದ ಹಕ್ಕಿಗಳು ತಮ್ಮ ಕೊಕ್ಕನ್ನು ದಪ್ಪ ಮಾಡಿಕೊಂಡವು."

ನಾನು ಸೊನ್ನೆ ಕೊಟ್ಟೆ. ಸಹೋದ್ಯೋಗಿಯೊಬ್ಬರು "ಅರ್ಧ ಅಂಕವಾದರೂ ಕೊಡಬಹುದಿತ್ತು, ಕೊನೆಗೆ ಕೊಕ್ಕು ದಪ್ಪ ಆಗಿದ್ದು ನಿಜ ತಾನೇ" ಅಂತಾರೆ. ನಿಜ ಅಲ್ಲ ಅನ್ನೋದೇ ನನ್ನ ವಾದ. ಆದರೆ ಪಠ್ಯದಲ್ಲಿರುವ ನಾಲ್ಕು ಸಾಲು ಇಟ್ಟುಕೊಂಡು ಮಕ್ಕಳನ್ನು ಒಪ್ಪಿಸೋದು ಕಷ್ಟವಾಗ್ತಿದೆ. ಆ ದ್ವೀಪದಲ್ಲಿ ನಿಜಕ್ಕೂ ಏನೇನು ಅಳೆದರು, ಎಷ್ಟು ಹಕ್ಕಿ ಸತ್ತವು, ಹೇಗೆ ಗೊತ್ತಾಯಿತು ಅಂತ ವಿವರವಾಗಿ ತಿಳಿದವರು ಯಾರಾದರೂ ಬರೆಯುತ್ತೀರಾ?

ಗುಬ್ಬಿಗೂಡು

ಮೇಷ್ಟ್ರೇ, ಸೊನ್ನೆ ಸರಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ದ್ವೀಪದ ಹೆಸರು ಡಾಫ್ನೆ ಮೇಜರ್. ಮೂವತ್ತನಾಲ್ಕು ಹೆಕ್ಟೇರ್ ಅಷ್ಟೇ, ಅಂದರೆ ಎಂಬತ್ತು ಎಕರೆ ಚಿಲ್ಲರೆ. ಸತ್ತ ಜ್ವಾಲಾಮುಖಿಯ ಒಂದು ಬೋಡು ಗುಡ್ಡ. ಕುಡಿಯುವ ನೀರಿಲ್ಲ, ಮನುಷ್ಯರ ವಾಸ ಇಲ್ಲ, ದೋಣಿಯಿಂದ ಹತ್ತೋದೇ ಒಂದು ಸಾಹಸ. ಅಲ್ಲಿಗೆ 1973ರಿಂದ ಪೀಟರ್ ಗ್ರಾಂಟ್ ಮತ್ತು ರೋಸ್‌ಮೆರಿ ಗ್ರಾಂಟ್ ದಂಪತಿ ವರ್ಷ ವರ್ಷವೂ ಹೋಗಿ ಕೂತರು. ಇಷ್ಟು ಚಿಕ್ಕ ಜಾಗ ಆಗಿದ್ದರಿಂದಲೇ ಹೆಚ್ಚುಕಡಿಮೆ ಪ್ರತಿ ಹಕ್ಕಿಯನ್ನೂ ಹಿಡಿದು, ಕಾಲಿಗೆ ಬಣ್ಣದ ಬಳೆ ತೊಡಿಸಿ, ಕೊಕ್ಕಿನ ಉದ್ದ, ಅಗಲ, ದಪ್ಪ (ಬುಡದಲ್ಲಿ ಮೇಲಿಂದ ಕೆಳಕ್ಕೆ), ರೆಕ್ಕೆ, ತೂಕ ಎಲ್ಲ ಅಳೆದು ಬಿಟ್ಟರು. ಯಾವ ಹಕ್ಕಿ ಯಾರ ಮರಿ ಅನ್ನೋದೂ ಅವರ ಪುಸ್ತಕದಲ್ಲಿತ್ತು. ನನ್ನ ಮಟ್ಟಿಗೆ ಈ ಅಧ್ಯಯನದ ಜೀವಾಳವೇ ಆ ಬಳೆ. ಅದಿಲ್ಲದಿದ್ದರೆ ನಿಮ್ಮ ವಿದ್ಯಾರ್ಥಿಗಳ ಉತ್ತರ ಸರಿಯೋ ತಪ್ಪೋ ಹೇಳೋಕೆ ಯಾರಿಗೂ ಆಗ್ತಿರಲಿಲ್ಲ.

ಕಥೆಯ ಹಕ್ಕಿ ಜಿಯೋಸ್ಪೈಜಾ ಫೋರ್ಟಿಸ್, ಮಧ್ಯಮ ಗಾತ್ರದ ನೆಲ ಫಿಂಚ್. 1976ರ ನಡುವಿನಲ್ಲಿ ದ್ವೀಪದಲ್ಲಿ ಸುಮಾರು 1,200 ಇದ್ದವು. 1977ರಲ್ಲಿ ಮಳೆ ಕೈಕೊಟ್ಟಿತು. 130 ಮಿ.ಮೀ. ಆಸುಪಾಸು ಬೀಳಬೇಕಾದ ಕಾಲದಲ್ಲಿ ಬಿದ್ದದ್ದು 24 ಮಿ.ಮೀ. ಗಿಡಗಳು ಹೂ ಬಿಡಲಿಲ್ಲ, ಹೊಸ ಬೀಜ ಬೀಳಲಿಲ್ಲ, ಹಕ್ಕಿಗಳು ಆ ವರ್ಷ ಗೂಡನ್ನೇ ಕಟ್ಟಲಿಲ್ಲ. ಇದ್ದ ಬೀಜದಲ್ಲಿ ಎಲ್ಲರೂ ಮೊದಲು ತಿಂದು ಖಾಲಿ ಮಾಡಿದ್ದು ಸಣ್ಣ, ಮೆತ್ತನೆಯ ಬೀಜಗಳನ್ನು. ಉಳಿದದ್ದು ದೊಡ್ಡವು, ಗಟ್ಟಿಯವು. ಅದರಲ್ಲೂ ಟ್ರಿಬ್ಯುಲಸ್ ಎಂಬ ಮುಳ್ಳು ಗಿಡದ ಕಾಯಿ. ಅದರ ಗಟ್ಟಿ ಮೂಲೆಯನ್ನು ಮುರಿದು ಒಳಗಿನ ಬೀಜ ತೆಗೆಯಬೇಕಾದರೆ ಕೊಕ್ಕಿನ ಬುಡ ದಪ್ಪ ಇರಬೇಕು. ಅರ್ಧ ಮಿಲಿಮೀಟರ್ ಕಮ್ಮಿ ಇದ್ದ ಹಕ್ಕಿ ಅದರ ತಂಟೆಗೇ ಹೋಗುತ್ತಿರಲಿಲ್ಲ.

1977ರ ಕೊನೆಗೆ ಉಳಿದವು ಸುಮಾರು 180. ನೂರಕ್ಕೆ ಎಂಬತ್ತೈದು ಹೋದವು. ಪೀಟರ್ ಬೋಗ್ ಮತ್ತು ಪೀಟರ್ ಗ್ರಾಂಟ್ 1981ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಬರಕ್ಕೆ ಮುಂಚೆ ಅಳೆದ 642 ಹಕ್ಕಿಗಳ ಕೊಕ್ಕಿನ ಸರಾಸರಿ ದಪ್ಪ 9.42 ಮಿ.ಮೀ. ಬರ ದಾಟಿದ 85 ಹಕ್ಕಿಗಳದ್ದು 9.96.

ಈಗ ಮುಖ್ಯ ಮಾತು. ಆ 85ರಲ್ಲಿ ಯಾವ ಹಕ್ಕಿಯ ಕೊಕ್ಕೂ ಬೆಳೆದಿರಲಿಲ್ಲ. ಬಳೆ ನೋಡಿ ಹಳೆಯ ಅಳತೆ ತೆಗೆದರೆ ಬರಕ್ಕೆ ಮುಂಚೆಯೂ ಅವುಗಳ ಕೊಕ್ಕು ಅಷ್ಟೇ ದಪ್ಪ. ಕ್ಲಾಸಿನಲ್ಲಿ ಕುಳ್ಳಗಿರುವ ಮಕ್ಕಳನ್ನು ಮನೆಗೆ ಕಳಿಸಿ ಉಳಿದವರ ಎತ್ತರ ಅಳೆದರೆ ಸರಾಸರಿ ಏರುತ್ತೆ, ಆದರೆ ಯಾರೂ ಒಂದಿಂಚೂ ಬೆಳೆದಿರಲ್ಲ. ಇದನ್ನು ಮಕ್ಕಳ ಕೈಲೇ ಮಾಡಿಸಿ, ಐದು ನಿಮಿಷ ಸಾಕು.

ಚಳ್ಳಕೆರೆ_ಹೈದ

ಗುಬ್ಬಿಗೂಡು ಅಣ್ಣ, ಟ್ರಿಬ್ಯುಲಸ್ ಅಂದ್ರೆ ನಮ್ಮ ನೆಗ್ಗಿಲ ಮುಳ್ಳಿನ ಜಾತಿ ಅಲ್ವಾ? ನಮ್ಮ ಕಡೆ ಬೀಳುಹೊಲದಲ್ಲಿ, ರಸ್ತೆ ಬದೀಲಿ ಹಳದಿ ಹೂ ಬಿಟ್ಟು ನೆಲಕ್ಕೆ ಹಬ್ಬಿರ್ತದೆ. ಕಾಯಿ ಒಣಗಿದ ಮೇಲೆ ಸೈಕಲ್ ಟ್ಯೂಬಿಗೂ ಕುರಿ ಗೊರಸಿಗೂ ಒಂದೇ ನ್ಯಾಯ. ಅದನ್ನ ಕೊಕ್ಕಿನಲ್ಲಿ ಒಡೆದು ತಿಂತವೆ ಅಂದ್ರೆ ದೊಡ್ಡ ಮಾತೇ. ಬೆರಳಲ್ಲಿ ಬಿಡಿಸೋಕೇ ಆಗಲ್ಲ.

ಗುಬ್ಬಿಗೂಡು

@ಚಳ್ಳಕೆರೆ_ಹೈದ ಅದರ ಹತ್ತಿರದ ಸಂಬಂಧಿ. ನಮ್ಮ ಬಯಲಲ್ಲಿ ಸಾಮಾನ್ಯವಾಗಿ ಇರೋದು ಟ್ರಿಬ್ಯುಲಸ್ ಟೆರೆಸ್ಟ್ರಿಸ್, ಡಾಫ್ನೆಯದ್ದು ಟ್ರಿಬ್ಯುಲಸ್ ಸಿಸ್ಟಾಯ್ಡಿಸ್. ಎರಡರ ಕಾಯಿಯೂ ಒಣಗಿ ಐದು ಹೋಳಾಗಿ ಒಡೆಯುತ್ತೆ, ಪ್ರತಿ ಹೋಳಲ್ಲೂ ಕೆಲವು ಬೀಜ, ಮೇಲೆ ಮುಳ್ಳು. ಮೇಷ್ಟ್ರು ಹಿರಿಯೂರು, ಚಳ್ಳಕೆರೆ ಕಡೆಯವರಾದರೆ ಒಂದು ಹಿಡಿ ಕಾಯಿ ತಂದು ಮಕ್ಕಳಿಗೆ ಇಕ್ಕಳ ಕೊಟ್ಟು ಒಡೆಯೋಕೆ ಹೇಳಿ. ಸಣ್ಣ ಇಕ್ಕಳ, ದೊಡ್ಡ ಇಕ್ಕಳ ಎರಡೂ ಇರಲಿ.

ಒಪ್ಪಲಾರೆ

ಚೆನ್ನಾಗಿದೆ, ಆದರೆ ಎರಡು ತಕರಾರು.

ಒಂದು. ಬರಗಾಲದಲ್ಲಿ ಹಸಿವಿನಿಂದ ಸತ್ತವು ಅಂದಮೇಲೆ ಯಾವುದು ಬೇಕಾದರೂ ಸಾಯಬಹುದು. ಕೊನೆಗೆ ಉಳಿದವು ಆಕಸ್ಮಿಕವಾಗಿ ದಪ್ಪ ಕೊಕ್ಕಿನವೇ ಆಗಿರಬಹುದಲ್ಲ? ಬರೀ ಅರ್ಧ ಮಿಲಿಮೀಟರ್ ವ್ಯತ್ಯಾಸಕ್ಕೆ ಇಷ್ಟು ಸಂಭ್ರಮ ಯಾಕೆ?

ಎರಡು. ಚೆನ್ನಾಗಿ ಉಂಡು ಬೆಳೆದ ಮರಿ ದೊಡ್ಡದಾಗುತ್ತೆ, ಕೊಕ್ಕೂ ದೊಡ್ಡದಾಗುತ್ತೆ. ಅದು ವಂಶದ ಗುಣ ಅಂತ ಹೇಗೆ ಹೇಳ್ತೀರಿ? ವಂಶಕ್ಕೆ ಇಳಿಯದ ಗುಣವಾದರೆ ಮುಂದಿನ ಪೀಳಿಗೆ ಮತ್ತೆ ಮೊದಲಿನಂತೆಯೇ ಇರುತ್ತೆ, ವಿಕಾಸ ಅನ್ನೋ ಮಾತೇ ಬರಲ್ಲ.

ಲೆಕ್ಕದಕ್ಕ

ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಒಂದೊಂದಾಗಿ ನೋಡೋಣ.

ಆಕಸ್ಮಿಕದ ಮಾತು. ಈ ಹಕ್ಕಿಗಳಲ್ಲಿ ಕೊಕ್ಕಿನ ದಪ್ಪ ಒಂದರಿಂದ ಒಂದಕ್ಕೆ ಬಹಳ ಬದಲಾಗುತ್ತೆ. ಮಾನಕ ವಿಚಲನೆ (ಅಳತೆಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಅನ್ನೋ ಲೆಕ್ಕ) ಸುಮಾರು 1 ಮಿ.ಮೀ. ಕಣ್ಣು ಮುಚ್ಚಿಕೊಂಡು 85 ಹಕ್ಕಿಗಳನ್ನು ಆರಿಸಿದರೆ ಅವುಗಳ ಸರಾಸರಿ ಒಟ್ಟು ಸರಾಸರಿಯಿಂದ ಎಷ್ಟು ಸರಿಯಬಹುದು? 1 ಭಾಗಿಸು 85ರ ವರ್ಗಮೂಲ, ಅಂದರೆ 0.11 ಮಿ.ಮೀ. ಆಸುಪಾಸು. ಅದರ ಎರಡರಷ್ಟು ಸರಿದರೆ ಹುಬ್ಬೇರಿಸಬಹುದು. ಇಲ್ಲಿ ಸರಿದದ್ದು 0.54, ಅಂದರೆ ಐದರಷ್ಟು. ಬರೀ ಅದೃಷ್ಟದಿಂದ ಹೀಗಾಗೋಕೆ ಲಕ್ಷಾಂತರ ಬಾರಿ ಬರ ಬರಬೇಕು. ಅರ್ಧ ಮಿಲಿಮೀಟರ್ ಚಿಕ್ಕದು ಅನ್ನಿಸಿದರೆ ಆ ಹಕ್ಕಿಯ ಕೊಕ್ಕೇ ಒಂದು ಸೆಂಟಿಮೀಟರ್ ದಪ್ಪ ಇಲ್ಲ ಅನ್ನೋದನ್ನ ನೆನಪಿಡಿ.

ಜೊತೆಗೆ, ಸಾವು ಯಾವ ದಿಕ್ಕಿಗೆ ವಾಲುತ್ತೆ ಅಂತ ಬೀಜದ ಲೆಕ್ಕ ನೋಡಿಯೇ ಹೇಳಬಹುದಿತ್ತು. ಅವರು ನೆಲದ ಮೇಲಿನ ಬೀಜವನ್ನೂ ಚದರ ಮೀಟರಿಗೆ ಎಷ್ಟು ಗ್ರಾಂ ಅಂತ ತೂಗುತ್ತಿದ್ದರು. 1976ರ ಜೂನ್‌ನಲ್ಲಿ ಹತ್ತು ಗ್ರಾಂ ದಾಟಿದ್ದದ್ದು 1977ರ ಡಿಸೆಂಬರ್ ಹೊತ್ತಿಗೆ ಮೂರಕ್ಕೆ ಇಳಿದಿತ್ತು. ಹಕ್ಕಿಗಳ ಸಂಖ್ಯೆ ಅದರ ಬೆನ್ನಿಗೇ ಇಳಿಯಿತು.

ವಂಶದ ಮಾತು. ಫಿಂಚ್ ಮರಿಯ ಕೊಕ್ಕು ಮೊದಲ ಕೆಲವು ವಾರಗಳಲ್ಲೇ ಪೂರ್ಣ ಅಳತೆಗೆ ಬಂದುಬಿಡುತ್ತೆ, ಆಮೇಲೆ ಬದಲಾಗಲ್ಲ. ಬೋಗ್ ಮಾಡಿದ್ದು ಇಷ್ಟು: ಅಪ್ಪ ಅಮ್ಮನ ಕೊಕ್ಕಿನ ಸರಾಸರಿಯನ್ನು ಒಂದು ಅಕ್ಷದಲ್ಲಿ, ಬೆಳೆದ ಮಕ್ಕಳ ಕೊಕ್ಕನ್ನು ಇನ್ನೊಂದು ಅಕ್ಷದಲ್ಲಿ ಇಟ್ಟು ರೇಖೆ ಎಳೆದರು. ಆ ರೇಖೆಯ ಓರೆಯೇ ಆನುವಂಶಿಕತೆ. ಕೊಕ್ಕಿನ ದಪ್ಪಕ್ಕೆ ಅದು 0.7ರ ಆಚೀಚೆ ಬರುತ್ತೆ. ಅಂದರೆ ಹಕ್ಕಿಗಳ ನಡುವಿನ ವ್ಯತ್ಯಾಸದಲ್ಲಿ ದೊಡ್ಡ ಪಾಲು ವಂಶದ್ದು, ಉಳಿದದ್ದು ಊಟ, ಹವೆ ಇತ್ಯಾದಿ.

"ಒಳ್ಳೆ ಜಾಗದಲ್ಲಿ ಗೂಡು ಮಾಡಿದ ಅಪ್ಪ ಅಮ್ಮನಿಗೆ ಒಳ್ಳೆ ಊಟ, ಮಕ್ಕಳಿಗೂ ಅದೇ ಊಟ, ಹಾಗಾಗಿ ಹೋಲಿಕೆ" ಅಂತ ನೀವು ಮುಂದೆ ಕೇಳಬಹುದು. ಅದಕ್ಕೆ ಚೊಕ್ಕ ಪರೀಕ್ಷೆ ಅಂದರೆ ಮರಿಗಳನ್ನು ಗೂಡಿಂದ ಗೂಡಿಗೆ ಅದಲುಬದಲು ಮಾಡೋದು. ಕೆನಡಾದ ಮಂಡಾರ್ಟೆ ಎಂಬ ಪುಟ್ಟ ದ್ವೀಪದಲ್ಲಿ ಸಾಂಗ್ ಸ್ಪ್ಯಾರೋ ಹಕ್ಕಿಗಳ ಮೇಲೆ ಜೇಮ್ಸ್ ಸ್ಮಿತ್ ಮತ್ತು ಆಂಡ್ರೆ ಡಾಂಟ್ 1980ರಲ್ಲಿ ಇದನ್ನೇ ತೋರಿಸಿದರು. ಮರಿಗಳು ದೊಡ್ಡವಾದ ಮೇಲೆ ಕೊಕ್ಕಿನಲ್ಲಿ ಹೋಲಿದ್ದು ಹೆತ್ತವರನ್ನು. ಸಾಕಿದವರನ್ನಲ್ಲ.

ನೀಟ್_ತಯಾರಿ

ಅಕ್ಕ, ನಮಗೆ ಕೇಳೋದು "ಲಕ್ಷಣದ ಪ್ರಮಾಣ ಹೇಗೆ ಬದಲಾಗುತ್ತದೆ" ಅಂತ. ಶೇಕಡಾ ಲೆಕ್ಕದಲ್ಲಿ ಒಂದು ಉದಾಹರಣೆ ಮಾಡಿ ತೋರಿಸ್ತೀರಾ ಪ್ಲೀಸ್? ಸರಾಸರಿ ಬದಲಾಗೋದು ಅರ್ಥ ಆಯ್ತು, ಪ್ರಮಾಣ ಅಂದಾಗ ಗೊಂದಲ ಆಗುತ್ತೆ.

ಲೆಕ್ಕದಕ್ಕ

ಆಗಲಿ ಪುಟ್ಟ. ಇದು ನಾನು ಲೆಕ್ಕಕ್ಕೆಂದು ಹಿಡಿದ ಊಹೆಯ ಸಂಖ್ಯೆ, ಡಾಫ್ನೆಯದ್ದಲ್ಲ.

ಸಾವಿರ ಹಕ್ಕಿ ಇವೆ ಅಂದುಕೊ. ದಪ್ಪ ಕೊಕ್ಕಿನವು 300, ಸಣ್ಣವು 700. ದಪ್ಪದವುಗಳ ಪ್ರಮಾಣ ಶೇ. 30. ಬರದಲ್ಲಿ ದಪ್ಪದವು ನೂರಕ್ಕೆ 40 ಉಳಿದವು, ಸಣ್ಣವು ನೂರಕ್ಕೆ 10 ಉಳಿದವು. ಈಗ ದಪ್ಪ 120, ಸಣ್ಣ 70, ಒಟ್ಟು 190. ದಪ್ಪದವುಗಳ ಪ್ರಮಾಣ ಶೇ. 63.

ಗಮನಿಸು: ದಪ್ಪ ಕೊಕ್ಕಿನವುಗಳ ಸಂಖ್ಯೆಯೂ 300ರಿಂದ 120ಕ್ಕೆ ಇಳಿದಿದೆ. ಅವುಗಳಿಗೂ ಬರ ಬಡಿದಿದೆ, ಹೆಚ್ಚಿನವು ಸತ್ತಿವೆ. ಆದರೂ ಪ್ರಮಾಣ ಎರಡರಷ್ಟಾಯಿತು. ಪರೀಕ್ಷೆಯಲ್ಲಿ ಮಕ್ಕಳು ಎಡವೋದು ಇಲ್ಲೇ. "ದಪ್ಪ ಕೊಕ್ಕಿನವು ಹೆಚ್ಚಾದವು" ಅಂತ ಬರೀತಾರೆ. ಬರ ಮುಗಿದ ದಿನ ಹೆಚ್ಚಾದದ್ದು ಅವುಗಳ ಪಾಲು ಮಾತ್ರ. ಸಂಖ್ಯೆ ಹೆಚ್ಚೋದು ಮಳೆ ಬಂದು ಉಳಿದವು ಮರಿ ಮಾಡಿದಾಗ. ಆಗಲೂ ಹೊಸ ಪೀಳಿಗೆಯಲ್ಲಿ ಆ ಪಾಲು ನಿಲ್ಲಬೇಕಾದರೆ ಗುಣ ವಂಶಕ್ಕೆ ಇಳಿಯುವಂಥದ್ದಾಗಿರಬೇಕು.

ಈಗ ನಿಜವಾದ ಡಾಫ್ನೆ ಲೆಕ್ಕ. ಉಳಿದವುಗಳ ಸರಾಸರಿಯಿಂದ ಮೊದಲಿನ ಸರಾಸರಿ ಕಳೆದರೆ 0.54. ಅದನ್ನು ಆನುವಂಶಿಕತೆ 0.7ರಿಂದ ಗುಣಿಸಿದರೆ ಸುಮಾರು 0.38 ಮಿ.ಮೀ. ಮುಂದಿನ ಪೀಳಿಗೆಯ ಸರಾಸರಿ ಅಷ್ಟು ಮೇಲೆ ಇರಬೇಕು, ಅಂದರೆ ಶೇ. 4. ಮಳೆ ಬಂದ ಮೇಲೆ ಹುಟ್ಟಿದ ಮರಿಗಳನ್ನು ಅಳೆದಾಗ ಏರಿಕೆ ಕಂಡದ್ದೂ ಅಷ್ಟರ ಸುತ್ತಮುತ್ತಲೇ.

ಗುಬ್ಬಿಗೂಡು

ಇದಕ್ಕೆ ಬಾಲಂಗೋಚಿ ಎರಡು, ಪಠ್ಯಪುಸ್ತಕಗಳು ಯಾವಾಗಲೂ ಬಿಟ್ಟುಬಿಡುವಂಥವು.

ಹೆಣ್ಣು ಫಿಂಚ್‌ಗಳು ಗಂಡಿಗಿಂತ ಸ್ವಲ್ಪ ಚಿಕ್ಕವು. ಹಾಗಾಗಿ ಬರದಲ್ಲಿ ಹೆಚ್ಚು ಸತ್ತವು. ಮಳೆ ಮರಳಿದಾಗ ಒಂದು ಹೆಣ್ಣಿಗೆ ಐದಾರು ಗಂಡು ಉಳಿದಿದ್ದವು. ಹೆಣ್ಣುಗಳಿಗೆ ಆರಿಸಿಕೊಳ್ಳುವ ಸ್ವಾತಂತ್ರ್ಯ ಸಿಕ್ಕಿತು, ಅವು ದೊಡ್ಡ ಗಂಡುಗಳ ಜೊತೆ ಹೋದವು. ಬರ ಮಾಡಿದ ಕೆಲಸವನ್ನು ಮದುವೆ ಮುಂದುವರಿಸಿತು.

ಇನ್ನೊಂದು ನನಗೆ ತುಂಬ ಹಿಡಿಸಿದ್ದು. ಬರದ ನಂತರ ಕೊಕ್ಕಿನ ದಪ್ಪ ಮಾತ್ರವಲ್ಲ, ಅಗಲದ ಸರಾಸರಿಯೂ ಏರಿತ್ತು. ಹಾಗಾದರೆ ಅಗಲ ಕೊಕ್ಕೂ ಲಾಭದ್ದು ಅಂತ ತಾನೇ ಅನ್ನಿಸೋದು? ಟ್ರೆವರ್ ಪ್ರೈಸ್, ಗ್ರಾಂಟ್, ಬೋಗ್ ಎಲ್ಲ ಅಳತೆಗಳನ್ನೂ ಒಟ್ಟಿಗೆ ಇಟ್ಟು ಬಿಡಿಸಿ ನೋಡಿದಾಗ ಕಂಡದ್ದು ಉಲ್ಟಾ. ಒಂದೇ ದಪ್ಪದ ಎರಡು ಹಕ್ಕಿಗಳಲ್ಲಿ ಬದುಕಿದ್ದು ಕೊಕ್ಕಿನ ಅಗಲ ಕಮ್ಮಿ ಇದ್ದದ್ದು. ನೆಗ್ಗಿಲ ಕಾಯಿಯ ಮೂಲೆ ತಿರುಚೋಕೆ ದಪ್ಪವಾದ, ಕಿರಿದಾದ ಕೊಕ್ಕು ವಾಸಿ. ಆದರೆ ದಪ್ಪ ಮತ್ತು ಅಗಲ ವಂಶದಲ್ಲಿ ಒಟ್ಟಿಗೆ ಬರ್ತವೆ. ದಪ್ಪ ಏರುವಾಗ ಅಗಲವನ್ನೂ ಎಳೆದುಕೊಂಡು ಹೋಯಿತು. ಹಾಗಾಗಿ ಒಂದು ಲಕ್ಷಣದ ಸರಾಸರಿ ಏರಿತು ಅಂದ ಮಾತ್ರಕ್ಕೆ ಆ ಲಕ್ಷಣದಿಂದಲೇ ಲಾಭ ಅಂತ ತೀರ್ಮಾನಿಸೋ ಹಾಗಿಲ್ಲ.

ಒಪ್ಪಲಾರೆ

ಲೆಕ್ಕ ಒಪ್ಪಿದೆ. ಆದರೆ ಆಮೇಲಿನ ಕಥೆ ಯಾರೂ ಹೇಳ್ತಿಲ್ಲವಲ್ಲ? ಕೆಲವೇ ವರ್ಷದಲ್ಲಿ ಅದೇ ದ್ವೀಪದಲ್ಲಿ ಕೊಕ್ಕು ಮತ್ತೆ ಸಣ್ಣದಾಯಿತು ಅಂತ ಓದಿದ್ದೇನೆ. ಮೇಲೆ ಹೋಯಿತು, ಕೆಳಗೆ ಬಂತು, ನಿವ್ವಳ ಸೊನ್ನೆ. ಇದನ್ನೇ ವಿಕಾಸ ಅಂತ ಪಠ್ಯದಲ್ಲಿ ಮೆರೆಸೋದು ಎಷ್ಟು ಸರಿ?

ಗುಬ್ಬಿಗೂಡು

ಆ ಕಥೆ ಬಚ್ಚಿಟ್ಟಿಲ್ಲ ಸಾರ್, ನಿಜ ಹೇಳಬೇಕಂದರೆ ನನ್ನ ಪ್ರಕಾರ 1977ಕ್ಕಿಂತ ಅದೇ ಹೆಚ್ಚು ಮುಖ್ಯ.

1982ರ ಕೊನೆಯಿಂದ 1983ರವರೆಗೆ ಭಾರೀ ಎಲ್ ನಿನ್ಯೋ. ನಮಗೆ ಎಲ್ ನಿನ್ಯೋ ಅಂದರೆ ಮುಂಗಾರು ಸೊರಗುವ ಭಯ, ಅಲ್ಲಿ ಮಾತ್ರ ಉಲ್ಟಾ, ಮಳೆಯೋ ಮಳೆ. ಡಾಫ್ನೆಯಲ್ಲಿ 1,359 ಮಿ.ಮೀ. ಸುರಿಯಿತು. ಬೋಳುಗುಡ್ಡ ಹಸಿರಾಯಿತು. ಬಳ್ಳಿಗಳು ಹಬ್ಬಿ ನೆಗ್ಗಿಲ ಗಿಡವನ್ನೂ ಪಾಪಾಸುಕಳ್ಳಿಯನ್ನೂ ಮುಚ್ಚಿಹಾಕಿದವು. ಸಣ್ಣ ಬೀಜದ ಗಿಡಗಳು ದ್ವೀಪ ತುಂಬಿದವು. ಹಕ್ಕಿಗಳು ಮೇಲಿಂದ ಮೇಲೆ ಮರಿ ಮಾಡಿದವು. ಆಮೇಲೆ ಮತ್ತೆ ಒಣಗು ಬಂತು, 1985ರಲ್ಲಿ ಮಳೆ ಬರೀ 4 ಮಿ.ಮೀ. ಈ ಸಲ ನೆಲದ ಮೇಲಿದ್ದದ್ದು ಸಣ್ಣ ಬೀಜ. ದಪ್ಪ ಕೊಕ್ಕಿನವುಗಳಿಗೆ ಒಂದೊಂದೇ ಸಣ್ಣ ಬೀಜ ಹೆಕ್ಕಿ ಆ ದೊಡ್ಡ ಮೈ ಸಾಕೋದು ಕಷ್ಟವಾಯಿತು. ಸಣ್ಣ ಕೊಕ್ಕಿನವು ಹೆಚ್ಚು ಉಳಿದವು. ಲೈಲ್ ಗಿಬ್ಸ್ ಮತ್ತು ಪೀಟರ್ ಗ್ರಾಂಟ್ ಇದನ್ನು 1987ರಲ್ಲಿ ಪ್ರಕಟಿಸಿದರು.

ಈಗ ನಿಮ್ಮ ಪ್ರಶ್ನೆ. ಎರಡೂ ಬರವೇ. ಒಂದರಲ್ಲಿ ದಪ್ಪದ್ದು ಬದುಕಿತು, ಇನ್ನೊಂದರಲ್ಲಿ ಸಣ್ಣದ್ದು. "ಬರ ಬಂದರೆ ಕೊಕ್ಕು ದಪ್ಪವಾಗುತ್ತದೆ" ಎಂಬ ಸೂತ್ರ ಬಾಯಿಪಾಠ ಮಾಡಿದವರಿಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಬರ ಅನ್ನೋದು ಕಾರಣದ ಅರ್ಧ ಮಾತ್ರ. ಬರದ ದಿನ ನೆಲದ ಮೇಲೆ ಯಾವ ಬೀಜ ಉಳಿದಿದೆ ಅನ್ನೋದು ಇನ್ನರ್ಧ.

ಮೂರನೇ ಅರ್ಧವೂ ಇದೆ (ಲೆಕ್ಕದಕ್ಕ ಕ್ಷಮಿಸಲಿ): ಪಕ್ಕದಲ್ಲಿ ಯಾರು ತಿನ್ನುತ್ತಿದ್ದಾರೆ. 1982ರ ಸುಮಾರಿಗೆ ದೊಡ್ಡ ನೆಲ ಫಿಂಚ್, ಜಿಯೋಸ್ಪೈಜಾ ಮ್ಯಾಗ್ನಿರಾಸ್ಟ್ರಿಸ್, ಡಾಫ್ನೆಗೆ ಬಂದು ನೆಲೆಸಿತು. ನೆಗ್ಗಿಲ ಕಾಯಿ ಒಡೆಯೋದು ಅದಕ್ಕೆ ನೀರು ಕುಡಿದಷ್ಟು ಸುಲಭ. 2003, 2004ರಲ್ಲಿ ಮಳೆ ಮತ್ತೆ ಹೋಯಿತು. ಗಟ್ಟಿ ಕಾಯಿಗಳನ್ನು ದೊಡ್ಡ ಫಿಂಚ್‌ಗಳು ಮುಗಿಸಿಬಿಟ್ಟವು, ಕೊನೆಗೆ ಅವೂ ಬಹುಪಾಲು ಸತ್ತವು. ಫೋರ್ಟಿಸ್‌ನಲ್ಲಿ ಆ ಕಾಯಿಯನ್ನೇ ನಂಬಿದ್ದ ದಪ್ಪ ಕೊಕ್ಕಿನವು ಹೋದವು. ಸಣ್ಣವು ಉಳಿದವು. 1977ರ ಹಾಗೆಯೇ ಬರ, ಹಾಗೆಯೇ ಸಣ್ಣ ಬೀಜದ ಅಭಾವ, ಆದರೂ ಫಲಿತಾಂಶ ತಿರುಗುಮುರುಗು, ಯಾಕಂದರೆ ಮಧ್ಯೆ ಪೈಪೋಟಿಗೆ ಒಬ್ಬ ಬಂದಿದ್ದ. ಅಲ್ಲಿಯವರೆಗಿನ 33 ವರ್ಷಗಳಲ್ಲಿ ಕಂಡ ಅತಿ ದೊಡ್ಡ ಬದಲಾವಣೆ ಅದು ಅಂತ ಗ್ರಾಂಟ್ ದಂಪತಿ 2006ರಲ್ಲಿ ಬರೆದರು.

2016ರಲ್ಲಿ ಇದಕ್ಕೆ ಜೀನ್ ಮಟ್ಟದ ಸಾಕ್ಷಿಯೂ ಬಂತು. ಸ್ವೀಡನ್ನಿನ ಉಪ್ಸಾಲಾದ ಲೀಫ್ ಆಂಡರ್‌ಸನ್ ತಂಡ ಗ್ರಾಂಟ್ ದಂಪತಿ ತೆಗೆದಿಟ್ಟಿದ್ದ ರಕ್ತದ ಮಾದರಿಗಳನ್ನು ಬಳಸಿ ಕೊಕ್ಕಿನ ಗಾತ್ರದ ಜೊತೆ ಗಟ್ಟಿಯಾಗಿ ಹೆಣೆದುಕೊಂಡ ಎಚ್‌ಎಂಜಿಎ2 ಎಂಬ ಜೀನ್ ಭಾಗವನ್ನು ಗುರುತಿಸಿತು. ಅದಕ್ಕೆ ಎರಡು ರೂಪ, ದೊಡ್ಡ ಕೊಕ್ಕಿನದು, ಸಣ್ಣ ಕೊಕ್ಕಿನದು. ಮೇಲೆ ಹೇಳಿದ ಅದೇ ಬರದಲ್ಲಿ (2004-05) ದೊಡ್ಡ ರೂಪ ಹೊತ್ತವು ಹೆಚ್ಚು ಸತ್ತು ಸಣ್ಣ ರೂಪದ ಪ್ರಮಾಣ ಏರಿತ್ತು. @ನೀಟ್_ತಯಾರಿ, ನೀವು ಕೇಳಿದ ಪ್ರಮಾಣ ಬದಲಾವಣೆ ಜೀನ್ ಮಟ್ಟದಲ್ಲಿ ಅಂದರೆ ಇದೇ.

ನಿವ್ವಳ ಸೊನ್ನೆಯೂ ಅಲ್ಲ. ಮೂವತ್ತು ವರ್ಷದ ಅಂಕಿಗಳನ್ನು 2002ರಲ್ಲಿ ಒಟ್ಟಿಗೆ ಇಟ್ಟಾಗ ಫೋರ್ಟಿಸ್‌ನ ಮೈಗಾತ್ರ, ಕೊಕ್ಕಿನ ಆಕಾರ ಎರಡೂ ಹೊರಟ ಜಾಗಕ್ಕೆ ವಾಪಸ್ ಬಂದಿರಲಿಲ್ಲ. ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ 1973ರಲ್ಲಿ ಯಾರೂ ಹೇಳೋಕೆ ಸಾಧ್ಯ ಇರಲಿಲ್ಲ ಅನ್ನೋದೇ ಅವರ ವಾದ.

ಒಪ್ಪಲಾರೆ

ಪೈಪೋಟಿಯ ಭಾಗ ಗೊತ್ತಿರಲಿಲ್ಲ, ಒಳ್ಳೆಯದು. ಆದರೂ ನನ್ನ ಅಭಿಪ್ರಾಯ: ಎಂಬತ್ತು ಎಕರೆಯ ದ್ವೀಪ, ಹೊರಗಿನಿಂದ ಬರುವ ಹಕ್ಕಿ ಕಡಿಮೆ. ಇದನ್ನೇ ಎಲ್ಲ ಕಡೆಗೂ ಹಚ್ಚೋಕೆ ಆಗಲ್ಲ. ದೊಡ್ಡ ಭೂಭಾಗದಲ್ಲಿ ಇಂಥದ್ದು ಅಳೆದು ತೋರಿಸಿದ ಉದಾಹರಣೆ ಇದ್ದರೆ ಹೇಳಿ.

ತಾಂಪೆರೆ_ಕನ್ನಡಿಗ

ನಾನಿರೋದು ಫಿನ್‌ಲ್ಯಾಂಡಿನಲ್ಲಿ. ಇಲ್ಲಿನ ಗೂಬೆಯ ಉದಾಹರಣೆ ನಿಮ್ಮ ಪ್ರಶ್ನೆಗೆ ಹೊಂದುತ್ತೆ. ಪ್ರಮಾಣ ಅನ್ನೋ ಪದಕ್ಕೂ ಹೊಂದುತ್ತೆ, ಯಾಕಂದರೆ ಇಲ್ಲಿ ಮಿಲಿಮೀಟರ್ ಇಲ್ಲ, ಎರಡೇ ಬಣ್ಣ.

ಟಾನಿ ಗೂಬೆ ಅಂತ, ಯುರೋಪಿನ ತುಂಬ ಇದೆ. ಬೂದು ಬಣ್ಣದ್ದು ಒಂದು, ಕಂದು ಬಣ್ಣದ್ದು ಇನ್ನೊಂದು. ಬಣ್ಣ ಹುಟ್ಟಿನಿಂದ ಬಂದದ್ದು, ವಯಸ್ಸಾದಂತೆ ಬದಲಾಗಲ್ಲ, ವಂಶಕ್ಕೆ ಇಳಿಯುತ್ತೆ. ಕಂದು ಪ್ರಬಲ ಗುಣ. ಇಲ್ಲಿನ ಚಳಿಗಾಲದಲ್ಲಿ ಮರದ ಕೊಂಬೆಗಳೆಲ್ಲ ಹಿಮ ಹೊತ್ತು ನಿಂತಿರ್ತವೆ, ಅದರ ನಡುವೆ ಬೂದು ಗೂಬೆ ಕೂತರೆ ಕಾಣೋದೇ ಇಲ್ಲ. ಕಂದು ಎದ್ದು ಕಾಣುತ್ತೆ.

ಪಾತ್ರಿಕ್ ಕರೆಲ್ ಮತ್ತು ಸಂಗಡಿಗರು 28 ವರ್ಷದ ಅಂಕಿ ಇಟ್ಟುಕೊಂಡು 2011ರಲ್ಲಿ ತೋರಿಸಿದ್ದು: ಹಿಮ ಹೆಚ್ಚಿದ್ದ ಚಳಿಗಾಲಗಳಲ್ಲಿ ಕಂದು ಗೂಬೆಗಳು ಬೂದು ಗೂಬೆಗಳಿಗಿಂತ ಹೆಚ್ಚು ಸತ್ತವು. ಹಿಮ ಕಮ್ಮಿ ಇದ್ದ ವರ್ಷ ಆ ವ್ಯತ್ಯಾಸವೇ ಇಲ್ಲ. ಚಳಿಗಾಲ ಸೌಮ್ಯವಾಗ್ತಾ ಬಂದಂತೆ ಕಂದು ಗೂಬೆಗಳ ತಲೆ ಮೇಲಿದ್ದ ಕತ್ತಿ ಸರಿಯಿತು. 1960ರ ದಶಕದಲ್ಲಿ ಇಲ್ಲಿ ಶೇ. 30ರಷ್ಟಿದ್ದ ಕಂದು ಗೂಬೆಗಳ ಪಾಲು ಆ ಅಧ್ಯಯನದ ಹೊತ್ತಿಗೆ ಸುಮಾರು ಶೇ. 50ಕ್ಕೆ ಏರಿತ್ತು.

ಇದರಲ್ಲಿ ಒಂದು ಸ್ವಾರಸ್ಯ ನೋಡಿ. ಡಾಫ್ನೆಯಲ್ಲಿ ಹೊಸ ಒತ್ತಡ ಬಂದು ಪ್ರಮಾಣ ಬದಲಾಯಿತು. ಇಲ್ಲಿ ಹಳೆಯ ಒತ್ತಡ ಸಡಿಲಗೊಂಡು ಬದಲಾಯಿತು. ಕಂದು ಗೂಬೆಗೆ ಹೊಸದಾಗಿ ಯಾವ ಲಾಭವೂ ಸಿಕ್ಕಿಲ್ಲ, ಮೊದಲಿದ್ದ ನಷ್ಟ ತಪ್ಪಿದೆ ಅಷ್ಟೇ. ಚಳಿಗಾಲದಲ್ಲಿ ಕೆಲವೊಮ್ಮೆ ರಾತ್ರಿ ನಮ್ಮ ಮನೆಯ ಹಿಂದಿನ ಕಾಡಿನಿಂದ ಕೂಗು ಕೇಳುತ್ತೆ, ಬಣ್ಣ ಯಾವುದೋ ಕತ್ತಲಲ್ಲಿ ಹೇಳೋರ್ಯಾರು.

ಚಳ್ಳಕೆರೆ_ಹೈದ

ಒಂದು ಡೌಟು. ಯಾವಾಗ್ಲೂ ಒಂದು ತುದಿಯವ್ರೇ ಬದುಕೋದಾ? ನಮ್ ಕಡೆ ಕುರಿಯಲ್ಲಿ ತೀರಾ ದೊಡ್ಡವೂ ಬರಕ್ಕೆ ತಡಿಯಲ್ಲ, ತೀರಾ ಪೀಚಲೂ ತಡಿಯಲ್ಲ. ನಡುವಿನವು ಗಟ್ಟಿ.

ಲೆಕ್ಕದಕ್ಕ

ಒಳ್ಳೆ ಪ್ರಶ್ನೆ ತಮ್ಮ. ಇದಕ್ಕೆ ಗುಬ್ಬಚ್ಚಿಯ ಹಳೇ ಕಥೆಯೊಂದಿದೆ. 1898ರ ಫೆಬ್ರವರಿಯಲ್ಲಿ ಅಮೆರಿಕದ ಪ್ರಾವಿಡೆನ್ಸ್ ಊರಿನಲ್ಲಿ ಭಾರೀ ಹಿಮಗಾಳಿ ಬೀಸಿತು. ಬಿದ್ದುಕೊಂಡಿದ್ದ 136 ಮನೆಗುಬ್ಬಿಗಳನ್ನು ಹರ್ಮನ್ ಬಂಪಸ್ ಎಂಬ ಪ್ರಾಧ್ಯಾಪಕರ ಪ್ರಯೋಗಾಲಯಕ್ಕೆ ತಂದುಕೊಟ್ಟರು. 72 ಚೇತರಿಸಿಕೊಂಡವು, 64 ಸತ್ತವು. ಆತ ಎಲ್ಲದರ ಮೈ, ರೆಕ್ಕೆ, ಮೂಳೆ ಅಳೆದು ಹೇಳಿದ್ದು ನೀನು ಹೇಳಿದ್ದನ್ನೇ: ನಡುವಿನ ಅಳತೆಯವು ಉಳಿದವು, ಎರಡೂ ತುದಿಯವು ಸತ್ತವು. ಇಂಥ ಕಡೆ ಸರಾಸರಿ ಅಲುಗಾಡಲ್ಲ, ಹರಹು ಕಿರಿದಾಗುತ್ತೆ. ಸರಾಸರಿ ಮಾತ್ರ ನೋಡುವವರಿಗೆ ಏನೂ ನಡೆದೇ ಇಲ್ಲ ಅನ್ನಿಸುತ್ತೆ.

ಬಂಪಸ್ ಮಾಡಿದ ಪುಣ್ಯದ ಕೆಲಸ ಅಂದರೆ 136 ಹಕ್ಕಿಗಳ ಅಳತೆಯನ್ನೂ ಪೂರ್ತಿ ಅಚ್ಚು ಹಾಕಿಸಿದ್ದು. ಹಾಗಾಗಿ ನಂತರದವರು ಮತ್ತೆ ಮತ್ತೆ ಲೆಕ್ಕ ಮಾಡಿದ್ದಾರೆ. ಗಂಡು ಹೆಣ್ಣು ಬೇರೆ ಮಾಡಿ ನೋಡಿದಾಗ ನಡುವಿನವು ಉಳಿದದ್ದು ಹೆಣ್ಣುಗಳಲ್ಲಿ, ಗಂಡುಗಳಲ್ಲಿ ದೊಡ್ಡವು ಹೆಚ್ಚು ಉಳಿದಿದ್ದವು ಅಂತ ಕಂಡಿದೆ.

ನಿರ್ವಾಹಕ

ಎರಡು ಸಂಗತಿ. ವಿಷಯಕ್ಕೆ ಸಂಬಂಧವಿಲ್ಲದ, ಸದಸ್ಯರನ್ನು ಹೀಯಾಳಿಸುವ ಕೆಲವು ಕಾಮೆಂಟ್ ತೆಗೆದಿದ್ದೇನೆ. ಡಾಫ್ನೆಗೆ 1981ರಲ್ಲಿ ಹಾರಿಬಂದ ಹೊರಗಿನ ಒಂದು ಗಂಡಿನಿಂದ ಹೊಸ ವಂಶವೇ ಹುಟ್ಟಿದ ಕಥೆ ಇಲ್ಲಿ ಬೇಡ, ಅದು ಬೇರೆಯೇ ಚರ್ಚೆ. ಹೊಸ ಎಳೆ ತೆರೆಯಿರಿ.

ನೀಟ್_ತಯಾರಿ

ಕೊನೇ ಪ್ರಶ್ನೆ. ಇವೆಲ್ಲ ಬರ, ಹಿಮ, ಗಾಳಿ. ಮನುಷ್ಯರಿಂದ ಆದದ್ದು ಇದೆಯಾ ಹಕ್ಕಿಗಳಲ್ಲಿ?

ಗುಬ್ಬಿಗೂಡು

ಇದೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಕ್ಲಿಫ್ ಸ್ವಾಲೋ, ನಮ್ಮ ಅಂಬರಗುಬ್ಬಿಗಳ ಬಳಗದ್ದು. ಮೊದಲು ಬಂಡೆಗಳಿಗೆ ಮಣ್ಣಿನ ಗೂಡು ಅಂಟಿಸುತ್ತಿದ್ದದ್ದು ಈಗ ಸೇತುವೆ, ಮೋರಿಗಳ ಅಡಿಗೆ ಅಂಟಿಸುತ್ತೆ. ಅಂದರೆ ಸದಾ ರಸ್ತೆಯ ಪಕ್ಕ. ಚಾರ್ಲ್ಸ್ ಬ್ರೌನ್ ಮತ್ತು ಮೇರಿ ಬ್ರೌನ್ 1983ರಿಂದ ಮೂವತ್ತು ವರ್ಷ ಅದೇ ರಸ್ತೆಗಳಲ್ಲಿ ಓಡಾಡಿ, ಗಾಡಿಗೆ ಸಿಕ್ಕಿ ಸತ್ತ ಹಕ್ಕಿಗಳನ್ನು ಹೆಕ್ಕಿ ಅಳೆದರು. ಆರಂಭದಲ್ಲಿ ವರ್ಷಕ್ಕೆ ಇಪ್ಪತ್ತರಷ್ಟು ಸಿಗುತ್ತಿದ್ದದ್ದು ಕೊನೆಗೆ ಐದೂ ಸಿಗದ ಹಾಗಾಯಿತು. ಗಾಡಿ ಕಮ್ಮಿ ಆಗಿರಲಿಲ್ಲ, ಹಕ್ಕಿಗಳ ಸಂಖ್ಯೆ ಹೆಚ್ಚಿತ್ತು. ಸತ್ತವುಗಳ ರೆಕ್ಕೆ ಬದುಕಿದ್ದವುಗಳ ರೆಕ್ಕೆಗಿಂತ ಉದ್ದ. ಬದುಕಿದ್ದವುಗಳ ಸರಾಸರಿ ರೆಕ್ಕೆ ವರ್ಷದಿಂದ ವರ್ಷಕ್ಕೆ ಗಿಡ್ಡ. ಗಿಡ್ಡ ರೆಕ್ಕೆಯಿದ್ದರೆ ರಸ್ತೆಯಿಂದ ಥಟ್ಟನೆ ಮೇಲೇಳಬಹುದು, ಗಾಳಿಯಲ್ಲಿ ಬೇಗ ತಿರುಗಬಹುದು. 2013ರಲ್ಲಿ ಪ್ರಕಟವಾಯಿತು.

ಒಪ್ಪಲಾರೆ

ಇದನ್ನೇ ಹಿಡಿದು ಕೇಳ್ತೀನಿ. ಉಳಿದ ಹಕ್ಕಿಗಳು ಗಾಡಿ ಕಂಡರೆ ಹಾರೋದು ಕಲಿತಿರಬಹುದಲ್ಲ? ರೆಕ್ಕೆ ಬೇರೆ ಯಾವುದೋ ಕಾರಣಕ್ಕೆ ಗಿಡ್ಡವಾಗಿರಬಹುದಲ್ಲ?

ಗುಬ್ಬಿಗೂಡು

ಕಲಿಕೆಯೂ ಸೇರಿರಬಹುದು, ಅದನ್ನು ಅವರೂ ತಳ್ಳಿಹಾಕಿಲ್ಲ. ಬೇರೆ ಕಾರಣಕ್ಕೂ ಪುರಾವೆ ಇದೆ, ಅದೂ ಅದೇ ದಂಪತಿಯದ್ದು. 1996ರ ಮೇ ತಿಂಗಳಲ್ಲಿ ಆರು ದಿನ ಹಿಡಿದ ಚಳಿಗೆ ಹುಳ ಸಿಗದೆ ಆ ಭಾಗದ ಸ್ವಾಲೋಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಉಳಿದವು ಮೈಯಲ್ಲಿ ದೊಡ್ಡವು, ಆದರೆ ರೆಕ್ಕೆ ಗಿಡ್ಡ. ಹಾಗಾಗಿ ಗಿಡ್ಡ ರೆಕ್ಕೆಯ ಪಾಲಿನಲ್ಲಿ ರಸ್ತೆಯದೆಷ್ಟು, ಆ ಚಳಿಯದೆಷ್ಟು ಅಂತ ಕತ್ತರಿಸಿ ಇಡೋದು ಸುಲಭವಲ್ಲ. ಆದರೆ ಚಳಿ ಒಂದರಿಂದಲೇ ಆಗಿದ್ದರೆ ರಸ್ತೆಯಲ್ಲಿ ಸತ್ತವುಗಳ ರೆಕ್ಕೆಯೂ ಬದುಕಿದ್ದವುಗಳ ಜೊತೆಜೊತೆಗೇ ಗಿಡ್ಡವಾಗಬೇಕಿತ್ತು. ಹಾಗಾಗಲಿಲ್ಲ. ಎರಡರ ನಡುವಿನ ಅಂತರ ವರ್ಷ ಕಳೆದಂತೆ ಹೆಚ್ಚುತ್ತಲೇ ಹೋಯಿತು.